ಮಾವ ದಾಟದ ನೆಲ

ನೆಲಕ್ಕೆ ಬಣ್ಣ ಹೊಡೆಯುವ ಮಾತು ನಮ್ಮ ಮನೆಯಲ್ಲಿ ಶುರುವಾದದ್ದು ಮಾವನ ಹೆಬ್ಬೆರಳಿನ ಗಾಯದಿಂದ. ನಡುಮನೆಯ ಚಪ್ಪಡಿ ಕಲ್ಲೊಂದರ ಮೂಲೆ ಒಡೆದು ಮೇಲೆದ್ದಿತ್ತು. ಅದಕ್ಕೆ ಎಡವಿ ಉಗುರಿನ ಬುಡ ಕಿತ್ತುಕೊಂಡರು. ಸಕ್ಕರೆ ಕಾಯಿಲೆಯ ಕಾಲು, ವಾರಗಳಾದರೂ ಮಾಯಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಅಂಗಾಲಿನ ಬಿರುಕುಗಳಲ್ಲಿ ಕೂತಿದ್ದ ಕಲ್ಲುಪುಡಿಯನ್ನು ಹತ್ತಿಯಲ್ಲಿ ಒರೆಸಿ ನನ್ನ ಮುಖಕ್ಕೆ ಹಿಡಿದರು.

"ಇವರನ್ನ ಒಂದು ಕಡೆ ಕೂರಿಸಿ. ಅದು ಆಗಲ್ಲ ಅಂದ್ರೆ ನೆಲಾನಾದ್ರೂ ಸರಿ ಮಾಡ್ಸಿ. ಹಿಂಗೇ ಬಿಟ್ರೆ ಬೆರಳು ಉಳಿಯಲ್ಲ."

ಕೂರಿಸುವುದು ನಮ್ಮಿಂದ ಆಗುವ ಕೆಲಸವಾಗಿರಲಿಲ್ಲ. ಮಾವ ಹನೂರು ಕಡೆಯ ಕಾಡಿನಲ್ಲಿ ಫಾರೆಸ್ಟ್ ವಾಚರ್ ಆಗಿದ್ದವರು. ಹೂಗ್ಯಂ ಆಚೆಯ ಹಳ್ಳಕೊಳ್ಳಗಳಲ್ಲಿ ಬೆಳಗಿನಿಂದ ಬೈಗಿನ ತನಕ ನಡೆಯುವುದೇ ಅವರ ನೌಕರಿ. ಅದಕ್ಕೆ ಬೀಟು ಅನ್ನುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮರೆವು ಹತ್ತಿತು. ಮೊದಲು ಹೆಸರುಗಳು ಹೋದವು. ಆಮೇಲೆ ಉಂಡದ್ದು ಮರೆಯಿತು. ನನ್ನನ್ನು ಒಂದು ಗಳಿಗೆ ಸೊಸೆ ಅನ್ನುವರು, ಇನ್ನೊಂದು ಗಳಿಗೆಗೆ ಎಂದೋ ಸತ್ತ ತಂಗಿ ಅಂದುಕೊಳ್ಳುವರು. ಬೀಟು ಒಂದು ಮಾತ್ರ ಮರೆಯಲಿಲ್ಲ. ಪಡಸಾಲೆಯಿಂದ ನಡುಮನೆ, ನಡುಮನೆಯಿಂದ ಅಡುಗೆಮನೆ, ಅಲ್ಲಿಂದ ಹಿತ್ತಲ ಬಾಗಿಲು. ಬಾಗಿಲ ಚಿಲಕ ಮುಟ್ಟಿ ನೋಡಿ ಮತ್ತೆ ವಾಪಸು. ದಿನವಿಡೀ ಇದೇ. ರಾತ್ರಿ ನಮ್ಮ ನಿದ್ದೆಯ ಮಧ್ಯೆಯೂ ಇದೇ.

ನಾನು ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ರವಿಕೆ ಹೊಲಿಯುವವಳು. ಅವರು ನನ್ನ ಬೆನ್ನ ಹಿಂದೆಯೇ ಹಾದು ಹೋಗಬೇಕು. ಬರಿಗಾಲು ಕಲ್ಲಿನ ಮೇಲೆ ಉಜ್ಜುವ ಸದ್ದು ದೂರವಾಗುತ್ತದೆ, ನಾನು ಒಂದು ಹೊಲಿಗೆ ಹಾಕುತ್ತೇನೆ, ಸದ್ದು ಮತ್ತೆ ಹತ್ತಿರ ಬರುತ್ತದೆ. ಪ್ರತಿಸಲ ಬಾಗಿಲ ಹತ್ತಿರ ನಿಂತು ಒಂದೇ ಮಾತು.

"ಒತ್ತಾಯ್ತು ಕಣ್ ಕೂಸೆ. ಓಗ್ಬೇಕು."

"ಆಯ್ತು ಮಾವ, ಹೋಗೋರಂತೆ. ಕಾಫಿ ಕುಡ್ಕೊಂಡು ಹೋಗಿ."

ಎಷ್ಟೋ ಸಲ ಆ ಸದ್ದಿಗೆ ಹೊಲಿಗೆ ಅಡ್ಡ ಹೋಗಿದೆ. ಒಂದೇ ಒಂದು ಮಧ್ಯಾಹ್ನ ಈ ಮನುಷ್ಯ ಸುಮ್ಮನೆ ಕೂತರೆ ಸಾಕು ಎಂದು ದೇವರಿಗೆ ಕೈ ಮುಗಿದದ್ದೂ ಇದೆ.

ನನ್ನ ಗಂಡ ಲಗೇಜ್ ಆಟೊ ಓಡಿಸುತ್ತಾರೆ. ಟೈಲ್ಸ್ ಹಾಕಿಸೋಣ ಎಂದು ವಿಚಾರಿಸಿದ್ದಾಯಿತು. ಚಪ್ಪಡಿ ಕಿತ್ತು, ಮಟ್ಟ ಮಾಡಿ, ಹಾಕಿ ಮುಗಿಸುವ ಹೊತ್ತಿಗೆ ಆಟೊ ಮಾರಬೇಕಾಗುತ್ತದೆ ಎಂದು ಇವರು ನಕ್ಕರು. ದುಡ್ಡು ಹೇಗೋ ಹೊಂದಿಸಿದರೂ ಕಲ್ಲು ಕಿತ್ತು ಹಾಕಿದ ಮನೆಯಲ್ಲಿ ಮಾವನನ್ನು ಇಟ್ಟುಕೊಳ್ಳುವುದು ಹೇಗೆ? ಕೊನೆಗೆ ಬಣ್ಣದ ಅಂಗಡಿಯವರೇ ದಾರಿ ತೋರಿಸಿದರು. ಮೇಲೆದ್ದ ಮೂಲೆಯನ್ನು ಒಡೆದು ತೆಗೆದು, ಕಲ್ಲನ್ನು ಚೆನ್ನಾಗಿ ತೊಳೆದು, ಸಂದುಗಳಿಗೆ ಸಿಮೆಂಟು ತುಂಬಿ, ನೆಲಕ್ಕೆಂದೇ ಬರುವ ಬಣ್ಣ ಎರಡು ಕೋಟು ಹೊಡೆದು, ಮೇಲೆ ಸೀಲರ್ ಅನ್ನುವ ಹೊಳಪಿನ ಪದರ ಎಳೆದುಬಿಟ್ಟರೆ ಪುಡಿ ಏಳುವುದಿಲ್ಲ, ನೀರು ಇಳಿಯುವುದಿಲ್ಲ. ಕೆಲಸ ನೀವೇ ಮಾಡಿಕೊಂಡರೆ ಕೂಲಿಯೂ ಉಳಿಯುತ್ತದೆ ಎಂದರು. ಡಬ್ಬ ಜಜ್ಜಿಹೋಗಿದೆ ಎಂದು ಯಾರೂ ಕೊಳ್ಳದೆ ಮೂಲೆಯಲ್ಲಿ ಬಿದ್ದಿದ್ದ ಬೂದು ಬಣ್ಣ ಅವರ ಹತ್ತಿರ ಇತ್ತು. ನನಗೆ ಕೆಂಪು ಬೇಕಿತ್ತು. ಬೂದು ಅಗ್ಗಕ್ಕೆ ಸಿಕ್ಕಿತು. ಬೂದನ್ನೇ ತಂದೆವು.

ತೊಳೆಯುವುದೇ ದೊಡ್ಡ ಕೆಲಸವಾಯಿತು. ತಲೆಮಾರುಗಳ ಎಣ್ಣೆ, ಹೊಗೆ, ಕಾಲಿನ ಜಿಡ್ಡು ಕುಡಿದ ಕಲ್ಲು ಅದು. ಬಿಸಿನೀರಿಗೆ ವಾಷಿಂಗ್ ಸೋಡ ಕಲಸಿ ಚೆಲ್ಲಿ, ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಜಾರುವಷ್ಟು ನಯವಾದ ಕಡೆ ಬಣ್ಣ ಹಿಡಿಯುವುದಿಲ್ಲ, ಕಲ್ಲನ್ನು ಸ್ವಲ್ಪ ಒರಟು ಮಾಡಿ ಎಂದಿದ್ದರು ಅಂಗಡಿಯವರು. ಮಾವ ಓಡಾಡುವ ಜಾಗವೇ ಎಲ್ಲಕ್ಕಿಂತ ನಯವಾಗಿತ್ತು. ನಾನು ಮಂಡಿಯೂರಿ ಉಜ್ಜುತ್ತಿದ್ದರೆ ಅವರು ನೊರೆಯ ಮೇಲೇ ನಡೆದು ಬಂದು ನನ್ನನ್ನು ಬಳಸಿಕೊಂಡು ಹೋಗುವರು. ಪಟ್ಟಿ ನೆನೆಯದಿರಲಿ ಎಂದು ಗಾಯದ ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ. ಅದು ಪರಪರ ಅನ್ನುತ್ತಿತ್ತು.

ಬಣ್ಣ ಹೊಡೆಯುವಾಗ ಮನೆಯನ್ನು ಅರ್ಧರ್ಧ ಮಾಡಿಕೊಂಡೆವು. ಹಸಿ ಇರುವ ಕಡೆಗೆ ಬೆಂಚು ಅಡ್ಡ ಇಟ್ಟೆವು. ಮಾವ ಬೆಂಚು ಹತ್ತಿ ಇಳಿದರು. ಕಾಡಿನಲ್ಲಿ ಬಿದ್ದ ಮರ ದಾಟಿದ ಹಾಗೆ, ಒಂದು ಕೈ ಊರಿ, ಕಾಲು ಆಚೆ ಹಾಕಿ. ಹಸಿ ಬಣ್ಣದ ಮೇಲೆ ಹೆಜ್ಜೆಗಳು ಹಿತ್ತಲ ತನಕ ಮೂಡಿದವು. ಬೆಳಗಿನಿಂದ ಸೊಂಟ ಬಗ್ಗಿಸಿ ಬ್ರಷ್ಷು ಎಳೆದಿದ್ದ ಇವರಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಒಂದ್ ಗಳ್ಗೆ ನಿಂತ್ಕತ್ತೀಯಾ ಇಲ್ವಾ ನೀನು? ನಿನ್ ಕಾಲಿಗೇ ಅಲ್ವಾ ಇದೆಲ್ಲ ಮಾಡ್ತಿರೋದು!"

ಮಾವ ಬೆಚ್ಚಿ ನಿಂತರು. ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ್ಲಾ ನೀನು? ಪಾಸ್ ಇದ್ದದಾ ಕಾಡೊಳಕ್ಕೆ ಬರಕ್ಕೆ?" ಎಂದು ಗದರಿ, ಮತ್ತೆ ನಡೆದರು. ಇವರು ಬ್ರಷ್ಷು ಡಬ್ಬದೊಳಗೆ ಬಿಟ್ಟು ಹೊರಗೆ ಹೋಗಿ ಆಟೊದಲ್ಲಿ ಕೂತರು. ನಾನು ಮಾವನ ಕಾಲು ಒರೆಸಿ, ಹೆಜ್ಜೆಗಳ ಮೇಲೆ ಇನ್ನೊಮ್ಮೆ ಬಣ್ಣ ಎಳೆದೆ.

ಹೀಗೆ ಎರಡು ಕೋಟು ಮುಗಿಯಿತು. ಉಳಿದದ್ದು ಸೀಲರ್. ಅದನ್ನು ತುಂಡುತುಂಡಾಗಿ ಹೊಡೆದರೆ ಜೋಡಣೆಯ ಗೆರೆ ಕಾಣುತ್ತದೆ, ಒಂದೇ ಸಲ ಎಳೆಯಬೇಕು, ಸಂಜೆಯ ತನಕ ಒಂದು ಇರುವೆಯೂ ಹಾಯಬಾರದು ಎಂದಿದ್ದರು ಅಂಗಡಿಯವರು. ಇವರೂ ನಾನೂ ಮುಖ ಮುಖ ನೋಡಿಕೊಂಡೆವು. ಮಾವನನ್ನು ಮಾಂಬಳ್ಳಿಯ ನಾದಿನಿಯ ಮನೆಗೆ ಕರೆದುಕೊಂಡು ಹೋಗುವುದು ಎಂದಾಯಿತು. ಇವರು ಸೀಲರ್ ಹೊಡೆದು, ಕಿಟಕಿ ತೆಗೆದಿಟ್ಟು, ಬಾಡಿಗೆಗೆ ಹೋಗುವುದು. ನಾವು ಸಂಜೆ ಬರುವುದು.

ಬೆಳಿಗ್ಗೆ ಯಳಂದೂರು ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂರಿಸಿದೆ. ಬಸ್ಸು ಹೊರಟದ್ದೇ ಮಾವ ಎರಡೂ ಕೈ ಮಂಡಿಯ ಮೇಲಿಟ್ಟು ಹಾಯಾಗಿ ಕೂತುಬಿಟ್ಟರು. ನನಗೆ ಆಶ್ಚರ್ಯ. ಗದ್ದೆ ಕಂಡರೆ ಗದ್ದೆ ನೋಡುವರು, ಎಮ್ಮೆ ಕಂಡರೆ ಎಮ್ಮೆ. ಚಡಪಡಿಕೆಯೇ ಇಲ್ಲ. ಎಷ್ಟು ಕಾಲವಾಗಿತ್ತೋ ನಾನು ಯಾರ ಪಕ್ಕದಲ್ಲಾದರೂ ಸುಮ್ಮನೆ ಕೂತು.

ಮಾಂಬಳ್ಳಿಯಲ್ಲಿ ಇಳಿದ ಕೂಡಲೇ ಎಲ್ಲ ಮೊದಲಿನ ಹಾಗೆ. ನಾದಿನಿ ಅಪ್ಪ ಬಂದರೆಂದು ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಇಡ್ಲಿಗೆ ಇಡಲು ಒಳಗೆ ಹೋದಳು. ಮಜ್ಜಿಗೆ ಲೋಟ ಕೆಳಗಿಟ್ಟು ಮಾವ ಎದ್ದೇಬಿಟ್ಟರು.

"ಕುಂತ್ಕಳಪ್ಪಾ. ಮಗಳ ಮನೆಗೆ ಬಂದು ಇಂಗಾ ಎದ್ದು ಓಗದು?" ನಾದಿನಿ ಕೈ ಹಿಡಿದಳು.

"ಬುಡವ್ವಾ, ಬೀಟ್‌ಗೆ ಒತ್ತಾಯ್ತು."

ಗದ್ದೆ ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ. ಕಾಲುವೆಯ ಏರಿ ಹತ್ತಿದರು, ಇಳಿದರು. ನನ್ನ ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡಿತು. ಅದನ್ನು ಕಿತ್ತು ಕೈಯಲ್ಲಿ ಹಿಡಿದು ಓಡಿದೆ. ಪಟ್ಟಿಗೆ ಕೆಸರು ಮೆತ್ತಿತು. ಗಾಯಕ್ಕೆ ಪುಡಿ ತಾಗಬಾರದೆಂದು ಮನೆಯ ನೆಲಕ್ಕೆ ಬಣ್ಣ ಬಳಿದು, ಇಲ್ಲಿ ಬಂದು ಗದ್ದೆಯ ಕೆಸರು ತುಳಿಸುತ್ತಿದ್ದೇನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಹಿಂದಕ್ಕೆ ಕರೆತಂದು, ಕಾಲು ತೊಳೆದು, ನಾದಿನಿಯ ಹಳೇ ಸೀರೆಯ ಚೂರು ಸುತ್ತಿದೆವು. ಅವಳು ಕಣ್ಣೊರೆಸಿಕೊಳ್ಳುತ್ತ, "ಅತ್ಗೆ, ನೀವು ದಿನಾ ಎಂಗ್ ತಡ್ಕಂಡಿದ್ದೀರಿ?" ಎಂದಳು. ಮಾವ ಕೂರುವುದು ಬಸ್ಸಿನಲ್ಲಿ ಮಾತ್ರ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಮತ್ತೆ ಬಸ್ಸು ಹತ್ತಿಸಿದೆ.

ಕೊಳ್ಳೇಗಾಲಕ್ಕೆ ಬಂದಾಗ ಇನ್ನೂ ಮಧ್ಯಾಹ್ನ. ಮನೆಗೆ ಹೋಗುವ ಹಾಗಿಲ್ಲ. ಸ್ಟ್ಯಾಂಡಿನಲ್ಲಿ ಹನೂರು ಬಸ್ಸು ನಿಂತಿತ್ತು. ಬೋರ್ಡು ಓದಿದರೋ, ಕಾಲೇ ಹೇಳಿತೋ, ಮಾವ ನೇರ ಹೋಗಿ ಅದಕ್ಕೆ ಹತ್ತಿದರು. ಹೆಂಗಸರಿಗೆ ಬಸ್ಸು ಬಿಟ್ಟಿ. ಅವರೊಬ್ಬರ ಟಿಕೆಟ್ ತಾನೆ ಎಂದು ನಾನೂ ಹತ್ತಿದೆ. ಕಾಮಗೆರೆ ದಾಟಿ ಬೆಟ್ಟದ ಸಾಲು ಕಾಣಿಸುತ್ತಿದ್ದ ಹಾಗೆ ಅವರ ಬೆನ್ನು ನೆಟ್ಟಗಾಯಿತು. ಹನೂರಿನಲ್ಲಿ ಇಳಿದವರು ಹೂಗ್ಯಂ ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನೆಟ್ಟಗೆ ನಡೆದರು.

"ಮಾವ, ಇವತ್ತು ಬೇಡ. ಸಂಜೆ ಆಗ್ತದೆ. ವಾಪಸ್ ಬರೋಕೆ ಬಸ್ ಸಿಗಲ್ಲ."

"ನೀನ್ ಓಗು ಮನೆಗೆ. ನಾ ಓಯ್ತೀನಿ."

ತೋಳು ಹಿಡಿದೆ. ಅವರು ಕೊಡವಿದರು. ಸ್ಟ್ಯಾಂಡಿನ ಜನ ತಿರುಗಿ ನೋಡಿದರು. "ಬುಡು ನನ್ನ! ಯಾರವ್ವ ನೀನು ನನ್ನ ಇಡ್ಕಳಕ್ಕೆ?" ಎಂದು ಅವರು ಕೂಗಿದಾಗ, ಬೆಳಗಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ನನ್ನಲ್ಲಿ ಒಡೆಯಿತು. ನಾನೂ ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಅಳು ಬಂದು ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ. ಹೋಗುವುದಾದರೆ ಹೋಗಲಿ ಅನ್ನಿಸಿದ್ದೂ ನಿಜ.

ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ದೂರದಿಂದ ಇದನ್ನೆಲ್ಲ ನೋಡಿದ್ದ. ಹತ್ತಿರ ಬಂದು, ಮಾವನ ಮುಂದೆ ನಿಂತು, "ಸಾ, ನಮ್ ಗಾಡಿ ಓಯ್ತದೆ ಬನ್ನಿ. ನಿಮ್ಗೆ ಅಂತ ಸೀಟ್ ಮಡ್ಗಿವ್ನಿ" ಎಂದ. ಸಾ ಎಂದು ಕರೆದದ್ದಕ್ಕೋ ಏನೋ, ಮಾವ ಅಂಗಿಯ ಕಾಲರು ಸರಿಮಾಡಿಕೊಂಡು ಅವನ ಹಿಂದೆ ನಡೆದರು. ನಾನು ಮುಖ ಒರೆಸಿಕೊಂಡು ಹತ್ತಿದೆ. ದಾರಿಯುದ್ದಕ್ಕೂ ಅವರು ನಿದ್ದೆ ಮಾಡಿದರು. ನನಗೆ ನಿದ್ದೆ ಬರಲಿಲ್ಲ. ಸೀಲರ್ ಒಣಗಿತೋ ಇಲ್ಲವೋ, ಧೂಳು ಕೂತಿತೋ, ಬೆಕ್ಕು ಹಾಯಿತೋ ಎಂದು ಬಸ್ಸಿಗಿಂತ ಮುಂದೆ ಮುಂದೆ ಓಡುತ್ತಿತ್ತು ಮನಸ್ಸು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಇವರು ಟ್ಯೂಬ್‌ಲೈಟ್ ಹಾಕಿ, ಜಗುಲಿಯ ಮೇಲೆ ನಮಗಾಗಿ ಕಾದು ನಿಂತಿದ್ದರು. ಒಳಗೆ ನೋಡಿದೆ. ನಮ್ಮ ಮನೆ ಅನ್ನಿಸಲಿಲ್ಲ. ಸಂದು ಕಾಣದಂತೆ, ಪಡಸಾಲೆಯಿಂದ ಅಡುಗೆಮನೆಯ ತನಕ ಒಂದೇ ಹಾಳೆ ಹಾಸಿದಂತೆ ಬೂದು ನೆಲ ಹೊಳೆಯುತ್ತಿತ್ತು. ಟ್ಯೂಬ್‌ಲೈಟ್ ಅದರಲ್ಲಿ ಉದ್ದಕ್ಕೆ ಬಿದ್ದಿತ್ತು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದೊಂದು ಕಣ್ಣಿಗೆ ಕಾಣುವ ಕೆಲಸ. ಬರಿಗಾಲಿಟ್ಟೆ. ತಣ್ಣಗೆ, ನುಣ್ಣಗೆ ಇತ್ತು.

"ಬನ್ನಿ ಮಾವ."

ಮಾವ ಹೊಸ್ತಿಲ ಆಚೆಯೇ ನಿಂತಿದ್ದರು. ಬಗ್ಗಿ ನೋಡಿದರು. ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿಕೊಂಡರು. ಒಂದು ಕಾಲು ಮುಂದೆ ಚಾಚಿ, ನೆಲಕ್ಕೆ ತಾಗಿಸದೆ ಹಿಂದಕ್ಕೆ ಎಳೆದುಕೊಂಡರು.

"ಹಳ್ಳ ಬಂದ್ಬುಟ್ಟದೆ" ಎಂದರು. ಆಮೇಲೆ ನನ್ನನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು. "ನೀರೊಳಗ್ಯಾಕ್ ನಿಂತಿದ್ದಿಯವ್ವಾ? ಈಚೆ ಬಾ. ಮ್ಯಾಲೆ ಬೆಟ್ಟದಲ್ಲಿ ಮಳೆ ಆಗ್ಬುಟ್ಟದೆ. ಬಾ ಅಂದ್ರೆ!"

ಇವರು ನೆಲಕ್ಕೆ ಕೈ ಬಡಿದು ತೋರಿಸಿದರು. ನಾನು ಕುಣಿದು ತೋರಿಸಿದೆ. ಅವರು ಕೇಳಲಿಲ್ಲ. ಕೈ ಚಾಚಿ ನನ್ನನ್ನು ಕರೆಯುತ್ತಲೇ ಇದ್ದರು. ನಾನು ಹೊರಗೆ ಬಂದು ಪಕ್ಕದಲ್ಲಿ ನಿಂತ ಮೇಲೆಯೇ ಅವರ ಉಸಿರು ಹದಕ್ಕೆ ಬಂದದ್ದು. ಆಮೇಲೆ ಜಗುಲಿಯ ಮೇಲೆ ಕೂತರು. ಅಲ್ಲೇ ಉಂಡರು. ಅಲ್ಲೇ ಮಲಗಿಸಿದೆವು.

ಮೊದಲ ದಿನ ಇವರಿಗೆ ಇದು ವರವಾಗಿ ಕಂಡಿತು. "ಹೋಗ್ಲಿ ಬಿಡು, ಕೂತರಲ್ಲ. ಡಾಕ್ಟರು ಹೇಳಿದ್ದೂ ಅದೇ ತಾನೆ?" ಎಂದರು. ನಾನೂ ಹೌದೆಂದೆ. ಮಷೀನಿನ ಮುಂದೆ ಕೂತು, ಬೆನ್ನ ಹಿಂದೆ ಯಾರೂ ಹಾಯದೆ, ಇಡೀ ಬೆಳಿಗ್ಗೆ ಹೊಲಿದೆ. ಆದರೆ ಕೆಲಸ ಸಾಗಲಿಲ್ಲ. ಕಿವಿ ಸದ್ದಿಗೆ ಕಾಯುತ್ತಿತ್ತು. ಎದ್ದು ಹೋಗಿ ನೋಡುವೆ. ಅವರು ಗೋಡೆಗೆ ಒರಗಿ ಬೀದಿ ನೋಡುತ್ತ ಕೂತಿರುವರು. ವಾಪಸು ಬಂದು ಕೂರುವೆ. ಮತ್ತೆ ಏಳುವೆ. ಪಡಸಾಲೆಗೂ ಜಗುಲಿಗೂ ನಡುವೆ ಈಗ ನನ್ನದೇ ಓಡಾಟ ಶುರುವಾಯಿತು.

ದಿನ ಕಳೆದಂತೆ ಅವರು ಇನ್ನೂ ಕುಗ್ಗಿದರು. ಬಚ್ಚಲು ಹಿತ್ತಲಲ್ಲಿದೆ, ಮನೆ ದಾಟದೆ ಅಲ್ಲಿಗೆ ಹೋಗುವ ಹಾಗಿಲ್ಲ. ಕೂತಲ್ಲೇ ಪಂಚೆ ಒದ್ದೆ ಮಾಡಿಕೊಂಡರು. ಒಳಗೆ ಕರೆದುಕೊಂಡು ಹೋಗಲು ಇವರು ಎತ್ತಿಕೊಂಡಾಗ ಮಗುವಿನ ಹಾಗೆ ಕಿರುಚಿ ಮಗನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಂಡರು. ಪಾದ ಊದಿಕೊಂಡವು. ಹೊತ್ತಾಯಿತು ಅನ್ನುವ ಮಾತನ್ನೂ ಬಿಟ್ಟರು. ಅನ್ನ ಕಲಸಿ ಕೊಟ್ಟರೆ ತಟ್ಟೆಯನ್ನೇ ನೋಡುತ್ತ ಕೂರುವರು. ಕಾಡಿನಲ್ಲಿ ಹಳ್ಳ ಇಳಿಯುವುದನ್ನು ಕಾಯುತ್ತ ದಡದಲ್ಲಿ ಕೂತವರು ಹೀಗೇ ಇರುತ್ತಾರೇನೋ ಅನ್ನಿಸಿತು. ನಮ್ಮ ಹಳ್ಳ ಇಳಿಯುವುದಿಲ್ಲವಲ್ಲ.

ದಾರಿಯುದ್ದಕ್ಕೆ ಚಾಪೆ ಹಾಸಿದೆ. ಧೈರ್ಯ ಮಾಡಿ ಒಂದರ ಮೇಲೆ ಕಾಲಿಟ್ಟರು. ನುಣುಪು ನೆಲದ ಮೇಲೆ ಚಾಪೆ ಜಾರಿತು. ಸದ್ಯ ನಾನು ಹಿಡಿದುಕೊಂಡೆ. ಅದಾದ ಮೇಲೆ ಹೊಸ್ತಿಲ ಹತ್ತಿರವೂ ಸುಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಹೊಸ್ತಿಲಲ್ಲಿ ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಅವರಷ್ಟೇ ಬಗ್ಗಿ, ನೆಲ ನೋಡಿದೆ. ಹಿತ್ತಲ ಬಾಗಿಲಿನ ಬೆಳಕು ಅಲ್ಲಿಂದ ಇಲ್ಲಿಯ ತನಕ ಹರಡಿ ಅಲ್ಲಾಡುತ್ತಿತ್ತು. ಗೊತ್ತಿದ್ದ ನನಗೂ ಅದು ನೀರೇ. ಪಡಸಾಲೆಯ ಮೂಲೆಯಲ್ಲಿ ಮಾತ್ರ, ಮಷೀನಿನ ಕಬ್ಬಿಣದ ಕಾಲು ಎಳೆದಾಡಿ ಗೀರಿದ್ದ ಕಡೆ, ಹೊಳಪು ಸತ್ತು ಬರೀ ಕಲ್ಲಿನ ಹಾಗೆ ಮಂಕಾಗಿತ್ತು.

ಬಣ್ಣದ ಅಂಗಡಿಗೆ ಹೋದೆ. "ಹೊಳಪು ತೆಗೀಬೇಕು" ಎಂದೆ.

ಅಂಗಡಿಯವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಎಲ್ಲಾರೂ ಹೊಳಪು ಬರ್ಬೇಕು ಅಂತಾರೆ, ನೀವ್ಯಾಕಮ್ಮ ತೆಗೀಬೇಕು ಅಂತೀರಿ?" ವಿಷಯ ಹೇಳಿದೆ. ಅವರು ನಗಲಿಲ್ಲ. ನೀರು ಹಾಕಿ ಉಜ್ಜುವ ಸಣ್ಣ ಮರಳಿನ ಉಪ್ಪುಕಾಗದ ಕೊಟ್ಟು, ಮೇಲಿನ ಪದರ ಮಾತ್ರ ಕೆರೆಯಿರಿ, ಬಣ್ಣದ ತನಕ ಇಳಿಯಬೇಡಿ ಎಂದು ಹೇಳಿ ಕಳಿಸಿದರು.

ಇವರು ಮಧ್ಯಾಹ್ನ ಊಟಕ್ಕೆ ಬಂದಾಗ ನಾನು ನಡುಮನೆಯಲ್ಲಿ ಮಂಡಿಯೂರಿದ್ದೆ. ಪಡಸಾಲೆಯಿಂದ ಅಲ್ಲಿಯ ತನಕ ಒಬ್ಬ ಆಳು ನಡೆಯುವಷ್ಟು ಅಗಲದ ಮಂಕು ಪಟ್ಟೆ.

"ಏನೇ ಇದು? ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಕೆರೀತಿದ್ದೀಯಲ್ಲ! ಹುಚ್ಚು ಹಿಡೀತಾ?"

"ನೀವೇ ನೋಡ್ರಿ ಅಲ್ಲಿಂದ. ನಿಮ್ಮಪ್ಪ ನಿಲ್ಲೋ ಕಡೆ ನಿಂತು ನೋಡಿ."

ಅವರು ಹೊಸ್ತಿಲಿಗೆ ಹೋಗಿ ನಿಂತರು. ಬಗ್ಗಿದರು. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಇನ್ನೊಂದು ಉಪ್ಪುಕಾಗದ ಹರಿದುಕೊಂಡು ಅಡುಗೆಮನೆಯ ಕಡೆಯಿಂದ ಉಜ್ಜುತ್ತ ಬಂದರು. ಮಾವ ಎಲ್ಲೆಲ್ಲಿ ತಿರುಗುತ್ತಾರೆ, ಒಲೆಕಟ್ಟೆಯ ಹತ್ತಿರ ಎಷ್ಟು ಬಳಸುತ್ತಾರೆ ಎಂದು ಒಬ್ಬರನ್ನೊಬ್ಬರು ಕೇಳಬೇಕಾಗಲಿಲ್ಲ. ಇಬ್ಬರಿಗೂ ಬಾಯಿಪಾಠವಾಗಿತ್ತು. ಹಾಲಿನ ಹಾಗಿದ್ದ ಕೆಸರು ನೀರನ್ನು ಬಟ್ಟೆಯಲ್ಲಿ ಒರೆಸಿ, ಫ್ಯಾನು ಹಾಕಿ ಒಣಗಿಸಿದೆವು.

ಬಿಸಿಲು ಇಳಿಯುವ ಹೊತ್ತು ಮಾವನನ್ನು ಎಬ್ಬಿಸಿ ಹೊಸ್ತಿಲಿಗೆ ಕರೆತಂದೆ. ಅವರು ಪಟ್ಟೆಯನ್ನು ನೋಡಿದರು. ಎರಡೂ ಕಡೆ ಇನ್ನೂ ಹೊಳೆಯುತ್ತಿದ್ದ ನೆಲವನ್ನು ನೋಡಿದರು. ಪಟ್ಟಿ ಕಟ್ಟಿದ ಕಾಲನ್ನು ಮೆಲ್ಲಗೆ ಇಳಿಸಿ, ಒತ್ತಿ, ತೆಗೆದು, ಮತ್ತೆ ಒತ್ತಿದರು.

"ಇಳೀತು" ಎಂದರು. "ನೀರು ಇಳೀತು ಕಣ್ ಕೂಸೆ."

ಹಿಂದೆ ನಿಂತಿದ್ದ ಇವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಾವ ಒಬ್ಬರೇ ಹೊರಡಲಿಲ್ಲ. ನನ್ನ ಕಡೆಗೆ ಕೈ ಚಾಚಿದರು. "ನನ್ ಇಂದೆನೇ ಬಾ. ಆ ಕಡೆ ಈ ಕಡೆ ಕಾಲಿಕ್ಬೇಡ, ಆಳ ಅದೆ" ಎಂದರು. ನಾನು ಕೈ ಕೊಟ್ಟೆ. ಅವರು ಒಂದೊಂದೇ ಹೆಜ್ಜೆ ಇಟ್ಟು, ಪ್ರತಿ ಹೆಜ್ಜೆಗೂ ಹಿಂದೆ ತಿರುಗಿ ನನ್ನ ಕಾಲು ನೋಡಿ, ಪಡಸಾಲೆ ದಾಟಿಸಿ, ನಡುಮನೆ ದಾಟಿಸಿ, ಅಡುಗೆಮನೆಯ ಆಚೆ ಹಿತ್ತಲ ಬಾಗಿಲಿಗೆ ಮುಟ್ಟಿಸಿದರು. ಅಲ್ಲಿ ನನ್ನ ಕೈ ಬಿಟ್ಟು, ಚಿಲಕ ಮುಟ್ಟಿ ನೋಡಿ, ತಾವು ವಾಪಸು ಹೊರಟರು.

ಬೆರಳು ಉಳಿಯಿತು. ಗಾಯ ಮಾಯಲು ಮಳೆಗಾಲ ಮುಗಿಯಬೇಕಾಯಿತು. ಅಳತೆ ಕೊಡಲು ಬರುವ ಹೆಂಗಸರು ಮನೆಯ ಮಧ್ಯದ ಮಂಕು ದಾರಿ ನೋಡಿ, ಸೀಲರ್ ಸಾಲದೆ ಹೋಯಿತಾ ಎಂದು ಕೇಳುತ್ತಾರೆ. ಹೂಂ ಅನ್ನುತ್ತೇನೆ. ಅಡುಗೆಮನೆಯ ಕಡೆ ತೇವ ಎದ್ದು ಈಗ ಒಂದು ಕಲ್ಲಿನ ಬಣ್ಣ ಹಪ್ಪಳದ ಹಾಗೆ ಉಬ್ಬಿದೆ. ಈ ಬೇಸಗೆಗೆ ಅದನ್ನು ಕೆರೆದು ಮತ್ತೆ ಬಳಿಯಬೇಕು. ಮಾವನನ್ನು ಆ ಒಂದು ದಿನ ಯಾವ ಬಸ್ಸಿನಲ್ಲಿ ಕೂರಿಸುವುದು ಎಂದು ಈಗಿನಿಂದಲೇ ಯೋಚನೆ ಹತ್ತಿದೆ.